ವಾರಸುದಾರರು ಯಾರಾದರೂ ಇದ್ದಲ್ಲಿ

ದಿನಪತ್ರಿಕೆಗಳ ಜಿಲ್ಲಾ ಪುಟದ ಒಂದು ಮೂಲೆಯಲ್ಲಿ ಆಗಾಗ ನಾಲ್ಕು ಸಾಲಿನ ಸುದ್ದಿಯೊಂದು ಬರುತ್ತದೆ. ತಲೆಬರಹ ‘ಅಪರಿಚಿತ ಶವ ಪತ್ತೆ’. ವಯಸ್ಸು ಅಂದಾಜು ನಲವತ್ತು, ಎತ್ತರ ಐದು ಅಡಿ ನಾಲ್ಕು ಇಂಚು, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ನೀಲಿ ಗೆರೆಯ ತುಂಬುತೋಳಿನ ಅಂಗಿ. ಕೊನೆಗೆ ‘ವಾರಸುದಾರರು ಯಾರಾದರೂ ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು’ ಎಂಬ ಸಾಲು. ಇಪ್ಪತ್ತು ವರ್ಷಗಳಿಂದ ಕಥೆ ಬರೆಯುತ್ತಿರುವ ನಾವು ಈ ನಾಲ್ಕು ಸಾಲನ್ನು ಒಂದು ಬರವಣಿಗೆ ಎಂದು ಎಂದೂ ಓದಿರಲಿಲ್ಲ. ಈಗ ಓದುತ್ತಿದ್ದೇವೆ. ಹಾಗೆ ಓದುವಂತೆ ಮಾಡಿದವರು ಸೊನ್ನದ ಒಬ್ಬ ಮುದುಕಿ.

ಸೊನ್ನ ಭೀಮಾ ನದಿಯ ದಂಡೆಯ ಊರು. ನದಿಗೆ ಬ್ಯಾರೇಜು ಕಟ್ಟಿದ ಮೇಲೆ ಮಳೆಗಾಲದಲ್ಲಿ ಅದರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ, ಎಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂಬ ಲೆಕ್ಕದ ಜೊತೆಗೆ. ಸಮುದ್ರ ಇಲ್ಲಿಂದ ಬಹು ದೂರ. ಆದರೆ ಅಫಜಲಪುರ, ಆಳಂದ, ಜೇವರ್ಗಿ ಸೀಮೆಯಿಂದ ಗುಳೆ ಹೋಗುವವರ ದಾರಿ ಸೊಲ್ಲಾಪುರ, ಪುಣೆ ದಾಟಿ ಮುಂಬೈಗೆ ಮುಟ್ಟುತ್ತದೆ. ಮುಂಬೈ ಮುಟ್ಟಿದವನಿಗೆ ಸಮುದ್ರ ದೂರವಲ್ಲ. ನಾವು ಖಾಲಾ ಎಂದು ಕರೆಯುವ ಈ ಮುದುಕಿಯ ಮಗ ಮೊದಲು ಕಟ್ಟಡದ ಕೆಲಸಕ್ಕೆ ಹೋದ. ಆಮೇಲೆ ವೆಲ್ಡಿಂಗ್ ಕಲಿತ. ‘ದರ್ಯಾದ ಮ್ಯಾಲ ಕೆಲಸ ಸಿಕ್ಕದ’ ಎಂದು ಒಮ್ಮೆ ಮನೆಗೆ ಫೋನು ಮಾಡಿದ. ಮತ್ತೆ ಮಾಡಲಿಲ್ಲ. ಯಾವ ಹಡಗು, ಯಾವ ಕಂಪನಿ, ಕರೆದೊಯ್ದ ಮುಕಾದಮ ಯಾರು ಎಂಬುದು ಮನೆಯವರಿಗೆ ಗೊತ್ತಿಲ್ಲ.

2021ರ ಮೇ 17ರಂದು ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಮುಂಬೈ ಆಚೆಯ ಕಡಲಿನಲ್ಲಿ ಪಿ-305 ಎಂಬ ಬಾರ್ಜು ಮುಳುಗಿತು. ತೈಲಬಾವಿಗಳ ಕೆಲಸಕ್ಕೆ ಹೋದ ಕಾರ್ಮಿಕರು ಅದರಲ್ಲಿ ವಾಸವಾಗಿದ್ದರು. ಆ ಬಾರ್ಜು ಮತ್ತು ವರಪ್ರದ ಎಂಬ ಟಗ್ಗು ಸೇರಿ 274 ಜನರಿದ್ದರು. 188 ಮಂದಿ ಉಳಿದರು, 86 ಮಂದಿ ಸತ್ತರು. ಹೆಣಗಳು ಕೆಲವು ನೌಕಾಪಡೆಗೆ ಸಿಕ್ಕವು, ಕೆಲವು ರಾಯಗಡ ಮತ್ತು ಗುಜರಾತಿನ ವಲಸಾಡದ ದಡಕ್ಕೆ ಬಂದು ಬಿದ್ದವು. ಉಪ್ಪು ನೀರಿನಲ್ಲಿ ದಿನಗಟ್ಟಲೆ ಇದ್ದ ಮುಖಗಳನ್ನು ಗುರುತಿಸಲಾಗದೆ ಡಿಎನ್ಎ ಪರೀಕ್ಷೆ ಮಾಡಬೇಕಾಯಿತು. ಆ ದಿನಗಳಲ್ಲಿ ಖಾಲಾ ಪತ್ರಿಕೆ ಹಿಡಿದುಕೊಂಡು ನಮ್ಮ ಬಳಿ ಬಂದರು. ಮಗ ಹೋಗಿ ಆಗಲೇ ಬಹಳ ಕಾಲವಾಗಿತ್ತು. ಆದರೂ ತಾಯಿಯ ಲೆಕ್ಕಕ್ಕೆ ಸಮುದ್ರ ಒಂದೇ. ಪತ್ರಿಕೆಯಲ್ಲಿ ಬಂದ ಹೆಸರುಗಳನ್ನು ಓದಿ ಹೇಳಿದೆವು. ಅವನ ಹೆಸರಿರಲಿಲ್ಲ. ಗುರುತು ಸಿಗದವರ ಸುದ್ದಿಯನ್ನೂ ಓದಿದೆವು. ಅವರು ಕೇಳಿದ್ದು ಇಷ್ಟೇ: ‘ಅಂವನ ಎಡಗೈ ಮ್ಯಾಲ ಸುಟ್ಟ ಕಲಿ ಅದ ಬೇಟಾ. ಮುಂದಿನ ಹಲ್ಲು ಒಂದು ಅರ್ಧಾ ಮುರದದ. ಅದೇನೂ ಬರದಿಲ್ಲೇನು?’

ಬರೆದಿರಲಿಲ್ಲ. ಬರೆಯುವವನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಯಾರೂ ಕೇಳಿರಲಿಲ್ಲ.

ಹೆಣದ ಗುರುತು ಹಚ್ಚುವ ವಿದ್ಯೆಯ ತಿರುಳು ಈ ಮಾತಿನಲ್ಲಿದೆ ಎಂದು ನಮಗೆ ತಿಳಿದದ್ದು ಆಮೇಲೆ. ದೊಡ್ಡ ದುರಂತಗಳಲ್ಲಿ ಇಂಟರ್‌ಪೋಲ್ ಸಂಸ್ಥೆಯ ಕ್ರಮವನ್ನು ಲೋಕದ ಬಹುತೇಕ ದೇಶಗಳು ಅನುಸರಿಸುತ್ತವೆ. ಅದರ ಪ್ರಕಾರ ಎರಡು ದಾಖಲೆಗಳನ್ನು ಸಿದ್ಧಮಾಡಬೇಕು. ಒಂದು ಹೆಣ ಹೇಳುವುದು, ಇನ್ನೊಂದು ಮನೆಯವರು ಹೇಳುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ಬೆರಳಚ್ಚು, ಹಲ್ಲು, ಡಿಎನ್ಎ ಈ ಮೂರು ಮುಖ್ಯ ಆಧಾರಗಳು. ಹಚ್ಚೆ, ಕಲೆ, ಬಟ್ಟೆ, ಜೇಬಿನ ಚೀಟಿ ಇವು ಪೋಷಕ ಆಧಾರಗಳು. ಬರೀ ಮುಖ ನೋಡಿ ಹೇಳುವುದನ್ನು ಆ ಕ್ರಮ ನಂಬುವುದಿಲ್ಲ, ಏಕೆಂದರೆ ದುಃಖದಲ್ಲಿರುವ ಕಣ್ಣು ತಾನು ಹುಡುಕುತ್ತಿರುವುದನ್ನೇ ಕಾಣುತ್ತದೆ. ನಮ್ಮ ಪತ್ರಿಕೆಯ ನಾಲ್ಕು ಸಾಲಿನಲ್ಲಿ ಇರುವುದು ಒಂದೇ ದಾಖಲೆ. ಇನ್ನೊಂದು ಸೊನ್ನದಂಥ ಊರಿನ ಅಡಿಗೆಮನೆಯಲ್ಲಿ, ಬರೆಯದೆ ಉಳಿದಿದೆ.

ಎರಡೂ ದಾಖಲೆ ಕೈಯಲ್ಲಿದ್ದರೂ ಎಡವಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಓಡುದಾರಿ ಮೀರಿ ಕಣಿವೆಗೆ ಬಿದ್ದು ಉರಿಯಿತು. 166 ಜನರಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು. ಸತ್ತವರಲ್ಲಿ ಬಹಳ ಮಂದಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರು, ಕೊಲ್ಲಿಯ ದುಡಿಮೆಯಿಂದ ಮನೆಗೆ ಬರುತ್ತಿದ್ದವರು. ಇಲ್ಲಿ ಪ್ರಯಾಣಿಕರ ಪಟ್ಟಿ ಇತ್ತು. ಯಾರು ಸತ್ತಿದ್ದಾರೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ರಕ್ತಸಂಬಂಧಿಗಳು ಆಸ್ಪತ್ರೆಯ ಬಾಗಿಲಲ್ಲೇ ಇದ್ದರು. ಹೈದರಾಬಾದಿನ ಡಿಎನ್ಎ ಕೇಂದ್ರದಿಂದ ಪರೀಕ್ಷೆಯೂ ನಡೆಯಿತು. ಆದರೂ ಹನ್ನೆರಡು ಹೆಣಗಳು ಯಾರ ರಕ್ತಕ್ಕೂ ತಾಳೆಯಾಗದೆ ಉಳಿದವು. ಪಟ್ಟಿಯಲ್ಲಿದ್ದವರು ಅಷ್ಟೇ, ಹೆಣಗಳೂ ಅಷ್ಟೇ. ಹಾಗಾದರೆ ಮೊದಲ ದಿನಗಳ ಆತುರದಲ್ಲಿ, ಉಂಗುರ ಬಟ್ಟೆಗಳ ಗುರುತಿನ ಮೇಲೆ, ಒಂದು ಮನೆಯ ಹೆಣ ಇನ್ನೊಂದು ಮನೆಗೆ ಹೋಗಿರಬೇಕು ಎಂಬ ಅನುಮಾನ ಆಗಲೇ ಬಂತು. ಆ ಹನ್ನೆರಡು ಮಂದಿಯನ್ನು ಕೂಳೂರು-ತಣ್ಣೀರುಬಾವಿ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಎಲ್ಲ ಧರ್ಮಗಳ ಪ್ರಾರ್ಥನೆಯೊಂದಿಗೆ ದಫನ ಮಾಡಲಾಯಿತು. ಅಲ್ಲಿ ಈಗ ಸ್ಮಾರಕವಿದೆ.

ಆ ಸ್ಮಾರಕದ ಬಗ್ಗೆ ಬರೆಯುವಾಗ ನಮ್ಮ ಪತ್ರಿಕೆಗಳು ‘ಸಾವಿನಲ್ಲೂ ಸೌಹಾರ್ದ’ ಎಂಬ ಮಾತನ್ನು ಬಹಳ ಬಳಸಿದವು. ಮಾತು ಸುಳ್ಳಲ್ಲ. ಒಂದೇ ಮಣ್ಣಿನಲ್ಲಿ ಎಲ್ಲರೂ ಮಲಗಿದ್ದು, ಮೂರೂ ಧರ್ಮದವರು ಒಟ್ಟಿಗೆ ನಿಂತದ್ದು ಕರಾವಳಿಯ ಈ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆದರೆ ನಾವು ಇನ್ನೊಂದನ್ನೂ ಹೇಳಬೇಕಾಗಿದೆ. ಆ ಹನ್ನೆರಡು ಮಂದಿ ಸೌಹಾರ್ದಕ್ಕಾಗಿ ಅಲ್ಲಿ ಮಲಗಿದವರಲ್ಲ. ನಮ್ಮ ಕೆಲಸ ಅರ್ಧಕ್ಕೆ ನಿಂತದ್ದರಿಂದ ಮಲಗಿದವರು. ಸೋಲನ್ನು ಸುಂದರವಾದ ಮಾತಿನಿಂದ ಹೊದೆಸಿದರೆ ಮುಂದಿನ ಬಾರಿ ಅದೇ ಸೋಲು ಬರುತ್ತದೆ. ಬಜ್ಪೆಯಲ್ಲಿ ಪಟ್ಟಿ ಇದ್ದೂ ಹೀಗಾದರೆ, ಪಟ್ಟಿಯೇ ಇಲ್ಲದ ದೋಣಿಗಳ ಗತಿ ಏನು? 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮೀನುಗಾರರೊಡನೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲತಳದಲ್ಲಿ ಅವಶೇಷ ಸಿಕ್ಕಿತು, ಮನುಷ್ಯರು ಸಿಗಲಿಲ್ಲ. 2021ರ ಏಪ್ರಿಲಿನಲ್ಲಿ ಮಂಗಳೂರಿನ ಆಚೆ ಬೇಪೂರಿನ ರಬಾಹ್ ದೋಣಿ ಹಡಗಿಗೆ ಡಿಕ್ಕಿಯಾಗಿ ಮುಳುಗಿದಾಗ ಅದರಲ್ಲಿದ್ದ ಹದಿನಾಲ್ಕು ಮಂದಿ ತಮಿಳುನಾಡು, ಬಂಗಾಳಗಳಿಂದ ದುಡಿಯಲು ಬಂದವರು. ಇಬ್ಬರು ಉಳಿದರು. ಕೆಲವರ ಹೆಣ ಸಿಕ್ಕಿತು, ಕೆಲವರದು ಸಿಗಲಿಲ್ಲ.

ಸಾಹಿತ್ಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಗುರುತು ಹಚ್ಚುವ ಕೆಲಸ ವಿಜ್ಞಾನಕ್ಕಿಂತ ಮೊದಲು ಕಥೆಯಲ್ಲಿತ್ತು. ಉಹುದ್ ಯುದ್ಧದಲ್ಲಿ ಅನಸ್ ಬಿನ್ ನಝರ್ ಅವರ ದೇಹದ ಮೇಲೆ ಎಂಬತ್ತಕ್ಕೂ ಹೆಚ್ಚು ಗಾಯಗಳಿದ್ದವು, ಯಾರಿಗೂ ಗುರುತು ಸಿಗಲಿಲ್ಲ. ಅವರ ತಂಗಿ ಬೆರಳ ತುದಿಗಳನ್ನು ನೋಡಿ ಗುರುತಿಸಿದರು ಎಂದು ಹದೀಸ್ ಹೇಳುತ್ತದೆ. ಯುದ್ಧದ ವೃತ್ತಾಂತದ ನಡುವೆ ಆ ಬೆರಳುಗಳನ್ನು ಯಾರೂ ಬಿಟ್ಟುಬಿಡಲಿಲ್ಲ, ಹದಿನಾಲ್ಕು ಶತಮಾನ ಕಾಪಾಡಿಕೊಂಡು ಬಂದರು. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಡನೆ ರಣಭೂಮಿಯಲ್ಲಿ ನಡೆಯುತ್ತ ದ್ರೋಣ, ಅಭಿಮನ್ಯು, ತನ್ನ ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣರನ್ನು ಒಬ್ಬೊಬ್ಬರಾಗಿ ಕಂಡು ಮರುಗುತ್ತಾನೆ. ಶತ್ರುವಿನ ಮಗನ ಮುಂದೆಯೂ ನಿಂತು ಮರುಗುವುದರಿಂದಲೇ ಆ ಭಾಗ ಇಂದಿಗೂ ಮನಸ್ಸಿಗೆ ತಟ್ಟುತ್ತದೆ. ಆದರೆ ಅಲ್ಲಿ ಹೆಸರಿರುವುದು ದೊಡ್ಡವರಿಗೆ ಮಾತ್ರ. ಉಳಿದ ಕಾಲಾಳುಗಳ ಹೆಣಗಳು ಅರಸನ ದಾರಿಗೆ ಅಡ್ಡಬಿದ್ದ ವಸ್ತುಗಳು. ಹತ್ತನೆಯ ಶತಮಾನದ ಕವಿಯನ್ನು ಇದಕ್ಕಾಗಿ ದೂರುವುದು ತಪ್ಪು. ಇಪ್ಪತ್ತೊಂದನೆಯ ಶತಮಾನದಲ್ಲೂ ನಾವು ಹಾಗೇ ನಡೆಯುತ್ತಿದ್ದರೆ ದೂರಬೇಕು.

ಉರ್ದುವಿನಲ್ಲಿ ಸಾದತ್ ಹಸನ್ ಮಂಟೋ ಅವರ ‘ಖೋಲ್ ದೋ’ ಕಥೆಯನ್ನು ನಾವು ಓದಿದ್ದು ಹೈಸ್ಕೂಲು ಮುಗಿಸಿದ ವರ್ಷ. ಆ ಕಥೆಯ ಕೊನೆಯ ಆಘಾತದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಈಗ ಮತ್ತೆ ಓದಿದಾಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಮುಂಚಿನ ಸಂಗತಿ. ಸಿರಾಜುದ್ದೀನ್ ಮಗಳನ್ನು ಹುಡುಕಿಕೊಡಿ ಎಂದು ಬೇಡುವಾಗ ಅವಳ ಕೆನ್ನೆಯ ಮಚ್ಚೆಯನ್ನು ಹೇಳುತ್ತಾನೆ. ಆಸ್ಪತ್ರೆಯಲ್ಲಿ ಬೆಳಕು ಬಿದ್ದಾಗ ಅದೇ ಮಚ್ಚೆಯಿಂದ ಅವಳನ್ನು ಗುರುತಿಸುತ್ತಾನೆ. ಮನೆಯ ದಾಖಲೆ, ದೇಹದ ದಾಖಲೆ ಎರಡನ್ನೂ ಮಂಟೋ ಬಿಡದೆ ಬರೆದಿದ್ದಾರೆ. ಮಗಳು ಸುಂದರಿ ಎಂಬ ಮಾತಿನಿಂದ ಗುರುತು ಸಿಗುವುದಿಲ್ಲ, ಮಚ್ಚೆ ಬೇಕು. ಅವರ ‘ಟೋಬಾ ಟೇಕ್ ಸಿಂಗ್’ ಕಥೆಯಲ್ಲಿ ಬಿಶನ್ ಸಿಂಗ್ ಎರಡು ದೇಶಗಳ ನಡುವಿನ ಹೆಸರಿಲ್ಲದ ನೆಲದಲ್ಲಿ ಬೀಳುತ್ತಾನೆ. ನೆಲಕ್ಕೆ ಹೆಸರಿಲ್ಲ, ಆದರೆ ಬಿದ್ದವನಿಗೆ ಹೆಸರಿದೆ, ಊರಿದೆ. ಅಷ್ಟನ್ನಾದರೂ ಕಥೆಗಾರ ಅವನಿಂದ ಕಿತ್ತುಕೊಳ್ಳಲಿಲ್ಲ.

ಈ ಕಣ್ಣಿನಿಂದ ನಮ್ಮದೇ ಬರವಣಿಗೆಯನ್ನು ನೋಡಿಕೊಂಡಾಗ ನಾಚಿಕೆಯಾಯಿತು. ಬಹಳ ಹಿಂದೆ ನಾವೊಂದು ಕಥೆ ಬರೆದಿದ್ದೆವು. ದುಡಿಯಲು ಹೋದ ಹುಡುಗ ಪೆಟ್ಟಿಗೆಯಲ್ಲಿ ಊರಿಗೆ ಬರುತ್ತಾನೆ. ಪೆಟ್ಟಿಗೆ ತೆರೆಯುತ್ತಾರೆ, ತಾಯಿ ಮುಖ ನೋಡಿ ಕುಸಿಯುತ್ತಾಳೆ, ಕಥೆ ಮುಗಿಯುತ್ತದೆ. ಓದಿದವರು ಕಣ್ಣೀರು ಬಂತೆಂದು ಪತ್ರ ಬರೆದರು, ನಾವು ಹಿಗ್ಗಿದೆವು. ಈಗ ತೆಗೆದು ನೋಡಿದರೆ ಆ ಹುಡುಗನ ವರ್ಣನೆ ಹೇಗಿದೆ ಗೊತ್ತೇ? ಕಪ್ಪಗೆ, ತೆಳ್ಳಗೆ, ಕಣ್ಣಲ್ಲಿ ಕನಸು. ಪೊಲೀಸರ ‘ಸಾಧಾರಣ ಮೈಕಟ್ಟು’ ಎಂಬುದಕ್ಕೂ ನಮ್ಮ ‘ಕಣ್ಣಲ್ಲಿ ಕನಸು’ ಎಂಬುದಕ್ಕೂ ವ್ಯತ್ಯಾಸವೇನು? ಎರಡೂ ಎಲ್ಲರಿಗೂ ಹೊಂದುತ್ತವೆ, ಆದ್ದರಿಂದ ಯಾರನ್ನೂ ಹುಡುಕಿಕೊಡುವುದಿಲ್ಲ. ಬರಹದ ದೋಷವೆಂದು ನಾವು ಸುಲಭವಾಗಿ ತಳ್ಳಿಹಾಕುವ ಸಂಗತಿ ಶವಾಗಾರದ ಮುಂದೆ ನಿಂತಾಗ ಬೇರೆಯೇ ಭಾರ ಪಡೆಯುತ್ತದೆ.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ನಮ್ಮ ಕಥೆಗಳಲ್ಲಿ ಹೆಣ ಯಾವಾಗಲೂ ಸಿಗುತ್ತದೆ. ಗುಳೆಯ ಕಥೆಗಳಿರಲಿ, ಗಲ್ಫ್ ಕಥೆಗಳಿರಲಿ, ಹೋದವನು ಒಂದೋ ತಿರುಗಿ ಬರುತ್ತಾನೆ, ಇಲ್ಲವೇ ಹೆಣವಾಗಿ ಬರುತ್ತಾನೆ. ಮಲಯಾಳದ ಬೆನ್ಯಾಮಿನ್ 2008ರಲ್ಲಿ ಬರೆದ ‘ಆಡುಜೀವಿತಂ’ ಬಹಳ ಜನರನ್ನು ತಲುಪಿದ ಕಾದಂಬರಿ. 2024ರಲ್ಲಿ ಸಿನಿಮಾ ಕೂಡ ಆಯಿತು. ಅದು ಬದುಕಿ ಬಂದವನ ಕಥೆ. ಬಂದವನು ಹೇಳಬಲ್ಲ. ಬಾರದವನ ಕಥೆಯನ್ನು ಹೇಳುವವರು ಯಾರು? ಮನೆಯಲ್ಲಿ ಉಳಿದವರು. ಅವರ ಬಳಿ ಘಟನೆ ಇಲ್ಲ, ಕೊನೆ ಇಲ್ಲ, ಇರುವುದು ಗುರುತುಗಳು ಮಾತ್ರ. ಕೊನೆಯಿಲ್ಲದ್ದನ್ನು ಬರೆಯಲು ಕಥೆಗಾರರಾದ ನಮಗೆ ಧೈರ್ಯ ಸಾಲುವುದಿಲ್ಲ.

ಹೊರಗಿನ ಲೋಕ ಇದನ್ನು ಹೇಗೆ ಎದುರಿಸಿತು ಎಂದು ನೋಡೋಣ. 2014ರಿಂದ ಈಚೆಗೆ ಮೆಡಿಟರೇನಿಯನ್ ಸಮುದ್ರ ಒಂದರಲ್ಲೇ ಮೂವತ್ತು ಸಾವಿರಕ್ಕೂ ಹೆಚ್ಚು ವಲಸೆಗಾರರು ಸತ್ತಿದ್ದಾರೆ ಅಥವಾ ಕಾಣೆಯಾಗಿದ್ದಾರೆ ಎಂದು ವಲಸೆಯ ಅಂತರರಾಷ್ಟ್ರೀಯ ಸಂಸ್ಥೆ ಲೆಕ್ಕ ಇಟ್ಟಿದೆ. 2015ರ ಸೆಪ್ಟೆಂಬರಿನಲ್ಲಿ ಟರ್ಕಿಯ ದಡದಲ್ಲಿ ಬಿದ್ದಿದ್ದ ಸಿರಿಯಾದ ಮಗುವಿನ ಚಿತ್ರ ಜಗತ್ತನ್ನೇ ಕಲಕಿತು. ಆ ಮಗುವಿನ ಹೆಸರು ಅಲನ್. ಪತ್ರಿಕೆಗಳು ‘ಐಲನ್’ ಎಂದು ಬರೆದವು. ಕೋಟ್ಯಂತರ ಜನ ಅತ್ತ ಮಗುವಿನ ಹೆಸರೂ ಸರಿಯಾಗಿ ಮುಟ್ಟಲಿಲ್ಲ.

ಅದೇ ವರ್ಷದ ಏಪ್ರಿಲ್ 18ರ ರಾತ್ರಿ ಲಿಬಿಯಾದಿಂದ ಹೊರಟ ಮೀನು ದೋಣಿಯೊಂದು ಮುಳುಗಿ ನೂರಾರು ಮಂದಿ ಸತ್ತರು, ಉಳಿದವರು 28. ಇಟಲಿ ಸರ್ಕಾರ 2016ರಲ್ಲಿ ಆ ದೋಣಿಯನ್ನು ಕಡಲತಳದಿಂದ ಮೇಲೆತ್ತಿಸಿತು. ಆಮೇಲೆ ಆ ದೋಣಿಯ ಸುತ್ತ ಎರಡು ಕೆಲಸಗಳು ನಡೆದವು. ಒಂದು, ಮಿಲಾನಿನ ವೈದ್ಯೆ ಕ್ರಿಸ್ಟಿನಾ ಕಟ್ಟಾನಿಯೊ ಮತ್ತು ಅವರ ಸಂಗಾತಿಗಳು ಒಂದೊಂದೇ ಹೆಣದ ದಾಖಲೆ ಬರೆದದ್ದು. ಮಾಲಿ ದೇಶದ ಸುಮಾರು ಹದಿನಾಲ್ಕು ವಯಸ್ಸಿನ ಹುಡುಗನ ಅಂಗಿಯಲ್ಲಿ ಹೊಲಿದಿಟ್ಟ ಶಾಲೆಯ ಅಂಕಪಟ್ಟಿ ಅವರಿಗೆ ಸಿಕ್ಕಿತು. ಹೋದ ಕಡೆ ತಾನು ಓದಿದವನೆಂದು ತೋರಿಸಲು ತಂದಿದ್ದಿರಬೇಕು. ತಮ್ಮ ಅನುಭವವನ್ನು ಅವರು 2018ರಲ್ಲಿ ಪುಸ್ತಕವಾಗಿ ಬರೆದರು. ಎರಡನೆಯದು, ಕ್ರಿಸ್ಟಾಫ್ ಬ್ಯೂಶೆಲ್ ಎಂಬ ಕಲಾವಿದ ಆ ಖಾಲಿ ದೋಣಿಯನ್ನು 2019ರಲ್ಲಿ ವೆನಿಸ್ ಕಲಾಮೇಳದಲ್ಲಿ ‘ಬಾರ್ಕಾ ನೋಸ್ತ್ರ’ ಅಂದರೆ ನಮ್ಮ ದೋಣಿ ಎಂಬ ಹೆಸರಿನಲ್ಲಿ ನಿಲ್ಲಿಸಿದ್ದು. ಪಕ್ಕದಲ್ಲಿ ಕಾಫಿ ಅಂಗಡಿ. ದೋಣಿಯ ಮುಂದೆ ಅದೇನೆಂದು ಹೇಳುವ ಫಲಕವೂ ಇರಲಿಲ್ಲ. ನೋಡುವವರಿಗೆ ತಾವು ನೋಡುತ್ತಿರುವುದು ಏನೆಂದು ತಿಳಿಯದಿರುವುದೇ ಕಲೆಯ ಉದ್ದೇಶ ಎಂದು ಸಮರ್ಥಿಸಿದವರಿದ್ದಾರೆ. ನಮಗೆ ಆ ಸಮರ್ಥನೆ ಒಪ್ಪಿಗೆಯಾಗಲಿಲ್ಲ. ಹೆಸರು ಕಳೆದುಕೊಂಡವರ ದೋಣಿಗೆ ಮತ್ತೊಮ್ಮೆ ಹೆಸರಿಲ್ಲದಂತೆ ಮಾಡಿ ಸಾಧಿಸುವುದೇನು? ಅಂಕಪಟ್ಟಿಯನ್ನು ಒಣಗಿಸಿ, ಅದರಲ್ಲಿದ್ದ ವಿಷಯ, ಅಂಕಗಳನ್ನು ಓದಿದ ಕೈಗಳ ಕೆಲಸವೇ ನಮಗೆ ದೊಡ್ಡ ಕಲೆಯಾಗಿ ಕಂಡಿತು.

ಗುರುತು ಯಾಕಿಷ್ಟು ಮುಖ್ಯ, ಸತ್ತವನು ಸತ್ತ, ಅಲ್ಲಾಹ್ ಅವನನ್ನು ಬಲ್ಲ ಎನ್ನುವವರು ನಮ್ಮಲ್ಲಿದ್ದಾರೆ. ಮುಳುಗಿ ಸತ್ತವನು ಶಹೀದ್ ಎಂಬ ಹದೀಸನ್ನೂ ಹೇಳಿ ಸಮಾಧಾನ ಮಾಡುತ್ತಾರೆ. ಸಮಾಧಾನ ಬೇಕು. ಆದರೆ ಸಮಾಧಾನ ಹುಡುಕಾಟಕ್ಕೆ ಬದಲಿಯಾಗಬಾರದು. ಅಲ್ಲಾಹ್ ಬಲ್ಲ ನಿಜ, ತಹಶೀಲ್ದಾರರಿಗೆ ಗೊತ್ತಾಗಬೇಕಲ್ಲ. ಖಾಲಾನ ಮನೆಯಲ್ಲಿ ಸೊಸೆ ಇದ್ದಾಳೆ. ಗಂಡ ಸತ್ತನೆಂದು ಖಚಿತವಾಗದೆ ಅವಳು ಇದ್ದತ್ ಕೂರುವಂತಿಲ್ಲ, ವಿಧವಾ ವೇತನ ಕೇಳುವಂತಿಲ್ಲ, ಮಕ್ಕಳಿಗೆ ಪಾಲು ಬರುವಂತಿಲ್ಲ. ಎದುರಿಗೆ ಮಯ್ಯಿತ್ ಇಲ್ಲದೆ ಜನಾಜಾ ನಮಾಜ್ ಮಾಡುವುದನ್ನು ಕರಾವಳಿಯ ಶಾಫಿಗಳು ಒಪ್ಪುತ್ತಾರೆ, ನಮ್ಮ ಕಡೆಯ ಹನಫಿಗಳು ಒಪ್ಪುವುದಿಲ್ಲ. ಕಾಣೆಯಾದವನ ಹೆಂಡತಿ ಅವನ ಓರಗೆಯವರೆಲ್ಲ ಸಾಯುವ ತನಕ ಕಾಯಬೇಕೆಂದು ಹಳೆಯ ಹನಫಿ ಗ್ರಂಥಗಳು ಬರೆದಿದ್ದವು. ಹೆಂಗಸರ ಗೋಳು ನೋಡಿ ನಮ್ಮ ಉಲಮಾಗಳೇ ಮಾಲಿಕಿ ಪಂಥದ ನಾಲ್ಕು ವರ್ಷದ ಅವಧಿಯನ್ನು ತಂದುಕೊಂಡರು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯಿದೆಯಲ್ಲಿ ಅದು ಸೇರಿತು. ಅದು ವಿಚ್ಛೇದನಕ್ಕೆ. ಸಾವೆಂದು ಭಾವಿಸಲು ಸಾಕ್ಷ್ಯ ಕಾನೂನು ಏಳು ವರ್ಷ ಕೇಳುತ್ತದೆ. ಏಳು ವರ್ಷ ಒಂದು ಹೆಣ್ಣು ಹೆಂಡತಿಯೂ ಅಲ್ಲದೆ ವಿಧವೆಯೂ ಅಲ್ಲದೆ ಇರಬೇಕು. ಒಂದು ಹಲ್ಲು, ಒಂದು ಸುಟ್ಟ ಕಲೆ ತಾಳೆಯಾಗಿದ್ದರೆ ಆ ಏಳು ವರ್ಷ ಉಳಿಯುತ್ತಿತ್ತು.

ಕಾನೂನು ಏನೂ ಯೋಚಿಸಿರಲಿಲ್ಲ ಎನ್ನುವಂತಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಪ್ರತಿ ಕಾರ್ಮಿಕನಿಗೂ ಭಾವಚಿತ್ರವಿರುವ ಪಾಸ್‌ಬುಕ್ಕನ್ನು ಗುತ್ತಿಗೆದಾರ ಕೊಡಬೇಕು, ಸಾವಾದರೆ ಎರಡೂ ರಾಜ್ಯದ ಅಧಿಕಾರಿಗಳಿಗೂ ಹತ್ತಿರದ ಬಂಧುಗಳಿಗೂ ತಿಳಿಸಬೇಕು ಎಂದು ಬರೆದಿತ್ತು. ನಲವತ್ತು ವರ್ಷ ಕಳೆದು 2020ರ ಹೊಸ ಸಂಹಿತೆಯಲ್ಲಿ ಆ ಕಾಯಿದೆ ವಿಲೀನವಾಯಿತು. ನಮ್ಮ ಸೀಮೆಯಲ್ಲಿ ಗುಳೆ ಹೋದವರ ಎಷ್ಟೋ ಮನೆಗಳಿಗೆ ನಾವು ಹೋಗಿದ್ದೇವೆ. ಅಂಥ ಪಾಸ್‌ಬುಕ್ಕನ್ನು ಒಂದು ಮನೆಯಲ್ಲೂ ಕಂಡಿಲ್ಲ.

ಸರ್ಕಾರವನ್ನು ಕೇಳುವುದನ್ನು ಬಿಡಬಾರದು. ಅದರ ಜೊತೆಗೆ ನಾವು ಮಾಡಬಹುದಾದದ್ದೂ ಇದೆ. ಮಸೀದಿಯ ಜಮಾತಿನಲ್ಲಿ ನಿಕಾಹ್ ದಫ್ತರ ಇದೆ, ಚಂದಾ ಲೆಕ್ಕದ ಪುಸ್ತಕ ಇದೆ. ಪಂಚಾಯಿತಿಯಲ್ಲಿ ಮನೆ, ನಲ್ಲಿಗಳ ಲೆಕ್ಕ ಇದೆ. ಊರು ಬಿಟ್ಟು ದುಡಿಯಲು ಹೋಗುವವರದೊಂದು ಪುಸ್ತಕ ಯಾಕಿರಬಾರದು? ಜಾತಿ ಧರ್ಮ ನೋಡದೆ ಹೆಸರು, ಒಂದು ಫೋಟೊ, ಹಲ್ಲು ಕಾಣುವಂತೆ ಇನ್ನೊಂದು ಫೋಟೊ, ಮೈಮೇಲಿನ ಕಲೆ, ಮುರಿದ ಮೂಳೆ, ಹಚ್ಚೆ, ಕರೆದೊಯ್ದ ಮುಕಾದಮನ ಹೆಸರು, ಫೋನ್ ನಂಬರು. ಪುಸ್ತಕವನ್ನು ಬೀಗ ಹಾಕಿ ಇಡಬೇಕು. ಮನೆಯವರು ಕೇಳಿದಾಗ ಮಾತ್ರ ತೆಗೆಯಬೇಕು. ಯಾರ ಮೇಲೂ ಕಣ್ಣಿಡಲು ಅದು ಬಳಕೆಯಾಗಬಾರದು. ಕಥೆಗಾರರು ಉಪನ್ಯಾಸ ಮಾಡುವ ಬದಲು ಇಂಥ ಪುಸ್ತಕ ಬರೆದುಕೊಡಲು ವರ್ಷಕ್ಕೆ ನಾಲ್ಕು ದಿನ ಕೂತರೆ ಅವರ ಕಥೆಗಳೂ ಸುಧಾರಿಸಬಹುದು.

ಕಳೆದ ಬಾರಿ ಸೊನ್ನಕ್ಕೆ ಹೋದಾಗ ನಾವು ನೋಟುಬುಕ್ಕು ಒಯ್ದಿದ್ದೆವು. ಖಾಲಾ ಒಂದೊಂದಾಗಿ ಹೇಳಿದರು, ಬರೆದುಕೊಂಡೆವು. ಎಡಗೈ ಸುಟ್ಟದ್ದು ಎಂಟು ವರ್ಷದವನಿದ್ದಾಗ, ಎಣ್ಣೆ ಸಿಡಿದು. ಹಲ್ಲು ಮುರಿದದ್ದು ಸೈಕಲ್ಲಿನಿಂದ ಬಿದ್ದು. ಬಾಗಿಲ ಮರೆಯಲ್ಲಿ ನಿಂತಿದ್ದ ಸೊಸೆ ಅಲ್ಲಿಂದಲೇ, ‘ಬಲಗಾಲ ಕಿರುಬಳ್ಳಿಗಿ ಉಗುರಿಲ್ರಿ, ಅದೂ ಬರ್ಕೋರಿ’ ಎಂದಳು. ಖಾಲಾ ತಿರುಗಿ ನೋಡಿದರು. ಅದು ಅವರಿಗೆ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ಆದದ್ದಂತೆ.

ಅದನ್ನೂ ಬರೆದುಕೊಂಡೆವು. ನಾವು ಈವರೆಗೆ ಬರೆದ ಯಾವ ಕಥೆಯಲ್ಲೂ ಒಬ್ಬ ಮನುಷ್ಯನ ಬಗ್ಗೆ ಇಷ್ಟು ನಿಖರವಾಗಿ ಬರೆದಿರಲಿಲ್ಲ.